ಟ್ರಂಕಿನೊಳಗಿನ ನೀಲಿ

ಆ ಬೆಳಿಗ್ಗೆ ಮಳೆ ಬಂತು ಅನ್ನುವ ಹಾಗೂ ಇರಲಿಲ್ಲ, ಇಲ್ಲ ಅನ್ನುವ ಹಾಗೂ ಇರಲಿಲ್ಲ. ನಂದಿ ಬೆಟ್ಟದ ಕಡೆಯಿಂದ ಇಳಿದ ಮೋಡ ಮಂಡಿಕಲ್ ಸುತ್ತಿನ ಹೊಲಗಳ ಮೇಲೆ ಕಂಬಳಿಯ ಹಾಗೆ ಹಾಸಿಕೊಂಡಿತ್ತು. ಹಿಪ್ಪುನೇರಳೆ ಎಲೆಯ ತುದಿಗೆ ಹನಿ ಬಂದು ನಿಂತಿತ್ತು, ಬೀಳುತ್ತಿರಲಿಲ್ಲ. ಮಾರನೆಯ ದಿನ ಗೌರಿ ಹಬ್ಬ. ಬಟ್ಟೆ ಒಣಗುವ ಲಕ್ಷಣ ಎಲ್ಲಿಯೂ ಕಾಣಿಸುತ್ತಿರಲಿಲ್ಲ.

ಶ್ರೀವಲ್ಲಿ ಗಂಡನ ಬಿಳಿ ಪಂಚೆಗಳನ್ನು ಎರಡನೆಯ ಸಲ ಹಿಂಡಿ ಜಗಲಿಯ ತಂತಿಗೆ ಹರವುತ್ತಿದ್ದಳು. ಮೊದಲ ಸಲ ಒಗೆದಾಗಲೇ ಅವು ಬೆಳ್ಳಗಿದ್ದವು. ಆದರೆ ಅತ್ತೆ ಗೋದಮ್ಮ ಬಂದು ಒಂದರ ಅಂಚು ಹಿಡಿದು ನೋಡಿ, ಹಬ್ಬದ ದಿನ ನನ್ನ ಮಗ ಈ ಹಳದಿ ಪಂಚೆ ಉಟ್ಟು ಪೂಜೆಗೆ ಕೂರಬೇಕಾ ಅಂತ ಕೇಳಿದ್ದರು. ಆಮೇಲೆ ಬಕೆಟ್ಟಿಗೆ ತಾವೇ ನೀಲಿ ಹಾಕಿದ್ದರು. ನಾಲ್ಕು ಹನಿ ಸಾಕಾಗುವ ಕಡೆ ಬಾಟಲಿಯನ್ನೇ ಬಗ್ಗಿಸಿದ್ದರು. ಈಗ ತಂತಿಯ ಮೇಲಿದ್ದವು ಪಂಚೆಗಳಲ್ಲ, ಮೋಡದ ಹಿಂದೆ ಅಡಗಿಕೊಂಡಿದ್ದ ಆಕಾಶದ ತುಂಡುಗಳು. ಗೋದಮ್ಮ ಅವನ್ನು ದಿಟ್ಟಿಸಿ ನೋಡಿ ತೃಪ್ತಿಯಿಂದ, ಬಿಳುಪು ಅಂದರೆ ಇದು, ಕಲಿತುಕೋ ಅಂದರು.

ಇದು ಆವತ್ತಿನ ಮಾತಲ್ಲ. ಹಿಂದಿನ ಬೇಸಿಗೆಯಿಂದಲೂ ಹೀಗೇ ನಡೆದಿತ್ತು. ಗೋಡೆಗೆ ಬಳಿದ ಸುಣ್ಣ ಹಳದಿ ಅಂದರು, ಮತ್ತೊಂದು ಸಲ ಬಳಿಸಿದರು. ಹಾಲಿಗೆ ಅರಿಶಿನ ಯಾಕೆ ಹಾಕಿದೆ ಅಂತ ಕೇಳಿದರು, ಹಾಕಿಲ್ಲ ಅಂದರೆ ನಂಬಲಿಲ್ಲ. ಶ್ರೀವಲ್ಲಿಯ ಗಂಡ ಚನ್ನಕೇಶವ ತಿಳಿನೀಲಿ ಪಂಚೆಯಲ್ಲೇ ಡೈರಿಗೆ ಹಾಲು ಹಾಕಲು ಹೋಗುತ್ತಿದ್ದ. ಅಲ್ಲಿ ಕ್ಯಾನು ಹಿಡಿದು ನಿಂತವರು, ಏನು ಕೇಶವಣ್ಣ, ಹೊಸ ಪಕ್ಷ ಕಟ್ಟಿದೆಯಾ, ನಮ್ಮನ್ನೂ ಸೇರಿಸಿಕೋ ಅಂತ ಚುಡಾಯಿಸಿದರೆ ನಕ್ಕು ಸುಮ್ಮನಾಗುತ್ತಿದ್ದ. ಮನೆಗೆ ಬಂದು ಹೆಂಡತಿಯ ಹತ್ತಿರ, ನೀಲಿ ಬಾಟಲಿ ಬಚ್ಚಿಟ್ಟುಬಿಡು, ಅಮ್ಮನ ಜೊತೆ ವಾದ ಯಾಕೆ ಅನ್ನುತ್ತಿದ್ದ. ಬಚ್ಚಿಟ್ಟಳು. ಗೋದಮ್ಮ ಅಂಗಡಿಗೆ ಹೋಗಿ ಇನ್ನೊಂದು ತಂದರು.

ವಾದ ಮಾಡಲು ಯಾರಿಗೂ ಧೈರ್ಯವಿರಲಿಲ್ಲ, ಅದಕ್ಕೆ ಕಾರಣವೂ ಇತ್ತು. ಆ ಊರಿನಲ್ಲಿ ಬಣ್ಣದ ವಿಷಯಕ್ಕೆ ಗೋದಮ್ಮನ ಮಾತೇ ಕೊನೆ. ಯಾರ ಮನೆಯಲ್ಲಿ ಮದುವೆ ಗೊತ್ತಾದರೂ ಮೊದಲು ತಟ್ಟೆಯಲ್ಲಿ ವೀಳ್ಯವಿಟ್ಟು ಅವರನ್ನು ಕರೆಯಲು ಬರುತ್ತಿದ್ದರು. ಧಾರೆ ಸೀರೆ ಆರಿಸುವುದಕ್ಕೆ ಗೋದಮ್ಮ ಇಲ್ಲದೆ ಯಾವ ಜೀಪೂ ಊರು ಬಿಡುತ್ತಿರಲಿಲ್ಲ. ಸಣ್ಣ ವಯಸ್ಸಿನಲ್ಲಿ ರೇಷ್ಮೆ ಗೂಡು ಆರಿಸುತ್ತಾ ಕೂತು ಪಳಗಿದ ಕಣ್ಣು ಅದು. ಕಲೆ ಬಿದ್ದ ಗೂಡು, ಬಣ್ಣ ಮಾಸಿದ ಗೂಡು ಅವರ ಕೈಯಿಂದ ತಪ್ಪಿಸಿಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋದದ್ದಿಲ್ಲ. ಈ ಹುಡುಗಿಗೆ ಕುಂಕುಮದ ಕೆಂಪು ಬೇಡ, ದಾಳಿಂಬೆ ಕೆಂಪು ಒಪ್ಪುತ್ತೆ ಅಂದರೆ ಮುಗಿಯಿತು, ಹುಡುಗಿ ದಾಳಿಂಬೆ ಕೆಂಪು ಉಟ್ಟೇ ಹಸೆಗೆ ಬರುತ್ತಿದ್ದಳು. ಹಸಿರು ಉಟ್ಟವಳ ಮಡಿಲು ತುಂಬುತ್ತೆ, ಹಳದಿ ಉಟ್ಟರೆ ಮನೆ ಬೆಳಗುತ್ತೆ, ಕಪ್ಪು ಮಾತ್ರ ಶುಭದ ದಿನ ಹೊಸ್ತಿಲು ದಾಟಬಾರದು. ಇದು ಅವರ ನಂಬಿಕೆ, ಊರಿನದೂ ಹೌದು.

ಕಣ್ಣಿಗೇನಾದರೂ ಆಗಿರಬಹುದೇ ಅಂತ ಶ್ರೀವಲ್ಲಿಗೆ ಒಮ್ಮೊಮ್ಮೆ ಅನ್ನಿಸುತ್ತಿತ್ತು. ಆದರೆ ಆ ವಯಸ್ಸಿನಲ್ಲೂ ಗೋದಮ್ಮ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದರು. ಮೊದಲು ಅದಕ್ಕೆ ಕನ್ನಡಕ ಬೇಕಿತ್ತು, ಈಚೆಗೆ ಅದೂ ಬೇಡವಾಗಿತ್ತು. ದೇವರು ಕಣ್ಣು ವಾಪಸ್ ಕೊಟ್ಟಿದ್ದಾನೆ ಅಂತ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು. ಅಂಥ ಕಣ್ಣನ್ನು ಯಾರು ಅನುಮಾನಿಸುತ್ತಾರೆ?

ಆವತ್ತು ಮಧ್ಯಾಹ್ನದ ಹೊತ್ತಿಗೆ ಶ್ರೀವಲ್ಲಿಯ ಅಣ್ಣ ಮುರಳಿಮೋಹನ್ ಚಿಂತಾಮಣಿಯಿಂದ ಬಾಗಿನ ತೆಗೆದುಕೊಂಡು ಬಂದ. ಅವನು ಅಲ್ಲಿ ಒಂದು ಆಫೀಸಿನಲ್ಲಿ ಗುಮಾಸ್ತ. ಹೆಚ್ಚು ಮಾತಿನವನಲ್ಲ. ಪ್ರತಿ ಗೌರಿ ಹಬ್ಬಕ್ಕೂ ತವರಿನ ಸೀರೆಯನ್ನು ಅವರ ತಾಯಿಯೇ ಆರಿಸಿ ಕಳಿಸುತ್ತಿದ್ದರು. ಆ ತಾಯಿ ಕಳೆದ ಮಾಘದಲ್ಲಿ ತೀರಿಕೊಂಡಿದ್ದರು. ಅಮ್ಮನಿಲ್ಲದ ತವರಿನಿಂದ ಬರುವ ಮೊದಲ ಬಾಗಿನ ಇದು. ಈ ಸಲ ಯಾರು ಕಳಿಸುತ್ತಾರೆ, ಕಳಿಸುತ್ತಾರೋ ಇಲ್ಲವೋ ಅಂತ ಶ್ರಾವಣದಿಂದಲೂ ಶ್ರೀವಲ್ಲಿ ಒಳಗೊಳಗೇ ನವೆದಿದ್ದಳು. ಅಣ್ಣ ಮೊರ ಇಟ್ಟು, ಅದರ ಮೇಲಿನ ಸೀರೆಯನ್ನು ಬಿಚ್ಚಿದಾಗ ಅವಳು ಸೆರಗಿನ ತುದಿಯನ್ನು ಕೆನ್ನೆಗೆ ಒತ್ತಿಕೊಂಡಳು.

ಅದು ಕಡುನೀಲಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಆಕಾಶ ಕಪ್ಪಾಗುವ ಮುಂಚೆ ಒಂದು ಗಳಿಗೆ ನಿಲ್ಲುತ್ತದಲ್ಲ, ಆ ನೀಲಿ. ಅವರ ಅಮ್ಮನಿಗೆ ಅಂಥದೇ ಒಂದು ಸೀರೆ ಇತ್ತು. ಹಬ್ಬ, ಹುಣ್ಣಿಮೆ, ಮುರುಗಮಲ್ಲದ ಕಡೆಯ ನೆಂಟರ ಮದುವೆ, ಎಲ್ಲಕ್ಕೂ ಅದೇ. ಆ ಸೆರಗಿನಲ್ಲಿ ಮುಖ ಒರೆಸಿಕೊಂಡೇ ಅಣ್ಣ ತಂಗಿ ಬೆಳೆದಿದ್ದರು.

ಗೋದಮ್ಮ ಕಾಫಿ ತಂದವರು ಲೋಟ ಕೆಳಗಿಟ್ಟು ಸೀರೆ ಎತ್ತಿಕೊಂಡರು. ಬಾಗಿಲ ಬೆಳಕಿಗೆ ಹಿಡಿದರು, ತಿರುಗಿಸಿದರು. ಅವರು ಬಾಗೇಪಲ್ಲಿ ಕಡೆಯ ಹೆಣ್ಣುಮಗಳು. ಸಿಟ್ಟು ಬಂದಾಗ ತೆಲುಗು ಮೊದಲು ಬರುತ್ತಿತ್ತು.

"ಇದಿ ನಲುಪೇ ಕದಮ್ಮಾ," ಅಂದರು. ಆಮೇಲೆ ಕನ್ನಡದಲ್ಲಿ, "ಗೌರಮ್ಮನ ಹಬ್ಬಕ್ಕೆ ಕರೀ ಸೀರೆ ತಂದಿದ್ದೀಯಲ್ಲಪ್ಪ ಮುರಳಿ. ನಿಮ್ಮಮ್ಮ ಇದ್ದಿದ್ರೆ ತರ್ತಿದ್ರಾ?"

ಮುರಳಿ ಮೆಲ್ಲಗೆ, ಅದು ನೀಲಿ ಅಮ್ಮ ಅಂದ. ಶ್ರೀವಲ್ಲಿಯೂ ನೀಲಿ ಅತ್ತೆ ಅಂದಳು. ಚನ್ನಕೇಶವ ಸೀರೆ ಕಡೆ ನೋಡಿ, ತಾಯಿಯ ಕಡೆ ನೋಡಿ, ನೀಲಿ ಥರಾನೇ ಇದೆ ಅಂತ ತೇಲಿಸಿದ. ಮೂರು ಜನ ಒಂದೇ ಮಾತು ಹೇಳಿದ್ದರಿಂದ ಗೋದಮ್ಮನಿಗೆ ಅನುಮಾನ ಹೋಗುವ ಬದಲು ಗಟ್ಟಿಯಾಯಿತು. ನನ್ನ ಮುಂದೆ ಬಣ್ಣದ ಸುಳ್ಳು ಹೇಳಬೇಡಿ, ಅಂಗಡಿಯವನು ಹೋಗದ ಮಾಲು ತಳ್ಳಿದ್ದಾನೆ, ನೀವು ಮುಚ್ಚಿಹಾಕುತ್ತಿದ್ದೀರಿ ಅಂದರು. ಸೀರೆಯನ್ನು ಮಡಿಸಿ ತಮ್ಮ ಕೋಣೆಯ ಟ್ರಂಕಿಗೆ ಹಾಕಿ ಬೀಗ ಹಾಕಿದರು. ಹಬ್ಬ ಕಳೆಯಲಿ, ಅಪಶಕುನ ಕಣ್ಣಿಗೆ ಬೀಳದೆ ಇರಲಿ ಅನ್ನುವುದು ಅವರ ಲೆಕ್ಕ. ಸೊಸೆಯ ಒಳ್ಳೆಯದಕ್ಕೇ ಮಾಡಿದ್ದು ಅಂತ ಅವರು ಮನಸಾರೆ ನಂಬಿದ್ದರು.

ಮುರಳಿ ಕಾಫಿ ಮುಗಿಸಿದ. ಲೋಟ ತೊಳೆಯುವ ಕಲ್ಲಿನ ಮೇಲಿಟ್ಟ. ಬರ್ತೀನಿ ಅಂದ, ಮತ್ತೆ ತಂಗಿಯ ಮುಖ ನೋಡದೆ ಹೋದ. ಶ್ರೀವಲ್ಲಿ ಬಾಗಿಲಲ್ಲಿ ನಿಂತಿದ್ದಳೇ ಹೊರತು ಒಂದು ಮಾತೂ ಅವಳ ಬಾಯಿಂದ ಹೊರಡಲಿಲ್ಲ. ಹಬ್ಬದ ಮುನ್ನಾ ದಿನ ಮನೆಯಲ್ಲಿ ಜಗಳವಾಗಬಾರದು ಅಂತ ನುಂಗಿಕೊಂಡಳು. ನುಂಗಿದ್ದು ತಪ್ಪಾಯಿತು ಅಂತ ಅವಳಿಗೆ ಗೊತ್ತಾದದ್ದು ದೀಪಾವಳಿಗೆ. ಅಣ್ಣ ಬರಲಿಲ್ಲ. ಫೋನು ಮಾಡಿದರೆ ಅತ್ತಿಗೆ ಎತ್ತಿ, ಅವರು ಹೊರಗೆ ಹೋಗಿದ್ದಾರೆ ಅನ್ನುತ್ತಿದ್ದಳು. ಹಿಂದಿನಿಂದ ಅಣ್ಣ ಕೆಮ್ಮುವುದು ಕೇಳುತ್ತಿತ್ತು.

ಆ ದಿನಗಳಲ್ಲಿ ಶ್ರೀವಲ್ಲಿಗೆ ಕಪ್ಪಿನದೇ ಯೋಚನೆ. ಬೆಳಿಗ್ಗೆ ತಾಳಿ ಕಣ್ಣಿಗೊತ್ತಿಕೊಂಡಾಗ ಕರಿಮಣಿ ಬೆರಳಿಗೆ ತಾಗುತ್ತಿತ್ತು. ಇದು ಕಪ್ಪಲ್ಲವೇ? ಮಗುವಿನ ಕೆನ್ನೆಗೆ ಇಡುವ ದೃಷ್ಟಿಬೊಟ್ಟು ಕಪ್ಪಲ್ಲವೇ? ಊರ ಗುಡಿಯಲ್ಲಿ ನಿಂತಿರುವ ಸ್ವಾಮಿ, ಯಾರ ಹೆಸರನ್ನು ತನ್ನ ಗಂಡನಿಗೆ ಇಟ್ಟಿದ್ದಾರೋ ಆ ಚನ್ನಕೇಶವ, ಅಭಿಷೇಕದ ಹಾಲು ಇಳಿದ ಮೇಲೆ ಎಣ್ಣೆಗಪ್ಪಾಗಿ ಹೊಳೆಯುವುದಿಲ್ಲವೇ? ಅವನನ್ನು ಕಪ್ಪು ಅಂತ ಯಾರೂ ಅನ್ನುವುದಿಲ್ಲ. ಶ್ಯಾಮ ಅನ್ನುತ್ತಾರೆ, ನೀಲಮೇಘ ಅನ್ನುತ್ತಾರೆ. ಪ್ರೀತಿ ಇದ್ದ ಕಡೆ ಕಪ್ಪಿಗೂ ನೀಲಿ ಸಿಗುತ್ತದೆ. ತನ್ನ ಅಣ್ಣ ತಂದ ನೀಲಿಗೆ ಮಾತ್ರ ಈ ಮನೆಯಲ್ಲಿ ಕಪ್ಪು ಅನ್ನುವ ಹೆಸರು ಸಿಕ್ಕಿತು. ಯೋಚಿಸುತ್ತಾ ಅವಳು ಪಂಚೆಗಳನ್ನು ಮೂರನೆಯ ಸಲ ಜಾಲಿಸುತ್ತಿದ್ದಳು, ಅತ್ತೆ ಸುರಿದ ನೀಲಿ ಹೋಗಲಿ ಅಂತ. ಸಂಜೆ ಅತ್ತೆ ಬಂದು ಮತ್ತೆ ಹಳದಿ ಅನ್ನುತ್ತಿದ್ದರು. ಬಟ್ಟೆ ಒಗೆಯುವ ಕಲ್ಲಿಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸುವಷ್ಟು ರೋಸಿಹೋಗಿದ್ದಳು.

ಟ್ರಂಕಿನ ಬೀಗದ ಕೈ ಗೋದಮ್ಮನ ಸೊಂಟದಲ್ಲಿತ್ತು. ಒಮ್ಮೆ ಕೇಳಿದಳು. ಆ ಸೀರೆ ಕೊಡಿ ಅತ್ತೆ, ಉಡಲ್ಲ, ಸುಮ್ಮನೆ ಇಟ್ಟುಕೊಳ್ತೀನಿ ಅಂದಳು. ನಿನ್ನ ಅಣ್ಣನಿಗೆ ಬದಲಾಯಿಸಿ ತರೋಕೆ ಹೇಳು, ಅವನು ಬಂದ ದಿನ ಅವನ ಕೈಗೇ ಕೊಡ್ತೀನಿ ಅಂತ ಉತ್ತರ ಬಂತು. ಅವನು ಬರುವುದಿಲ್ಲ, ಸೀರೆ ಹೊರಗೆ ಬರುವುದಿಲ್ಲ.

ಕಾರ್ತಿಕ ಕಳೆಯುತ್ತಿದ್ದ ಹಾಗೆ ಎದುರುಮನೆ ವೆಂಕಟರವಣಪ್ಪನ ಮಗಳು ಸೌಜನ್ಯಳ ಮದುವೆ ಗೊತ್ತಾಯಿತು. ಯಥಾಪ್ರಕಾರ ವೀಳ್ಯದ ತಟ್ಟೆ ಬಂತು. ಗೋದಮ್ಮ ಸೊಸೆಯನ್ನೂ ಕರೆದುಕೊಂಡು ಜೀಪು ಹತ್ತಿದರು. ದಾರಿಯುದ್ದಕ್ಕೂ ಹುಡುಗಿಗೆ ಬಣ್ಣದ ಪಾಠ. ಹುಡುಗಿ ಬೆಂಗಳೂರಿನಲ್ಲಿ ಓದಿದವಳು, ಅವಳಿಗೆ ಪೇಸ್ಟಲ್ ಕಲರ್ ಬೇಕಿತ್ತು. ಅದೇನು ತಾಯಿ, ಕುದಿಸಿ ನೀರು ಬಸಿದ ಬಣ್ಣ ಅಂತ ಗೋದಮ್ಮ ಕೇಳಿದ್ದಕ್ಕೆ ಜೀಪೆಲ್ಲ ನಕ್ಕಿತು, ಸೌಜನ್ಯಳೂ ನಕ್ಕಳು. ಕೊನೆಗೆ ಕಡುಹಸಿರಿಗೆ ಕೆಂಪು ಅಂಚು ಅಂತ ಒಪ್ಪಂದವಾಯಿತು.

ಚಿಂತಾಮಣಿಯ ಅಂಗಡಿಯಲ್ಲಿ ಮೆತ್ತೆಯ ಮೇಲೆ ಸೀರೆಗಳ ರಾಶಿ ಬಿತ್ತು. ಹಸಿರು, ಎಲೆ ಹಸಿರು, ಗಿಳಿ ಹಸಿರು. ಅವುಗಳ ಮಧ್ಯೆ ಅಂಗಡಿಯವನು ಈಗಿನವರು ಇಷ್ಟಪಡುತ್ತಾರೆ ಅಂತ ಕೆಂಪಂಚಿನ ಒಂದು ಕಪ್ಪು ರೇಷ್ಮೆಯನ್ನೂ ಬಿಚ್ಚಿ ಹಾಸಿದ್ದ. ಗೋದಮ್ಮ ಒಂದೊಂದನ್ನೇ ಸರಿಸುತ್ತಾ ಬಂದು ಆ ಕಪ್ಪಿನ ಮೇಲೆ ಅಂಗೈ ಇಟ್ಟರು. ಅಂಚಿನ ಜರಿಯ ಮಾವಿನಕಾಯಿಗಳ ಮೇಲೆ ಬೆರಳು ಆಡಿಸಿದರು.

"ಇದು," ಅಂದರು. "ಹಸಿರು ಅಂದ್ರೆ ಇದು. ಬಾವಿಯೊಳಗಿನ ಹಸಿರು. ಕಟ್ಟಪ್ಪ."

ಅಂಗಡಿಯವನು ಬಾಯಿ ತೆರೆದ. ಶ್ರೀವಲ್ಲಿ ಅವನನ್ನು ನೋಡಿದ ನೋಟಕ್ಕೆ ಮುಚ್ಚಿದ. ಸೌಜನ್ಯಳ ತಾಯಿ ಮಗಳ ಮುಖ ನೋಡಿದಳು. ಆಕೆಯ ಸ್ವಂತ ಧಾರೆ ಸೀರೆಯನ್ನೂ ಗೋದಮ್ಮನೇ ಆರಿಸಿದ್ದರು. ಶುಭಕಾರ್ಯಕ್ಕೆ ಹೊರಟಾಗ ಹಿರಿಯರ ಮಾತು ಅಡ್ಡಹಾಕುವುದು ಹೇಗೆ? ಸೀರೆ ಚೀಲದೊಳಗೆ ಹೋಯಿತು. ಆಗ ಶ್ರೀವಲ್ಲಿಗೆ ಎಲ್ಲವೂ ತಿಳಿಯಿತು. ಹಳದಿ ಪಂಚೆ, ಅರಿಶಿನದ ಹಾಲು, ಬಾಟಲಿಗಟ್ಟಲೆ ನೀಲಿ, ಟ್ರಂಕಿನ ಸೀರೆ. ಅತ್ತೆ ಹಟ ಮಾಡಿರಲಿಲ್ಲ. ಅತ್ತೆಯ ಕಣ್ಣಿನಿಂದ ಬಣ್ಣಗಳು ಒಂದೊಂದಾಗಿ ಎದ್ದುಹೋಗಿದ್ದವು, ಅವರಿಗೇ ಗೊತ್ತಿಲ್ಲದೆ.

ತಿಳಿದರೆ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ, ಹೆಚ್ಚಾಯಿತು. ಇನ್ನು ಬೈಯುವುದಕ್ಕೂ ಯಾರೂ ಉಳಿಯಲಿಲ್ಲವಲ್ಲ ಅಂತ.

ಮನೆಗೆ ಬಂದ ಮೇಲೆ ಸೌಜನ್ಯ ಹಿತ್ತಲ ಕಡೆಯಿಂದ ಬಂದು ಚೀಲವನ್ನು ಶ್ರೀವಲ್ಲಿಯ ಕೈಗಿಟ್ಟಳು. "ಅಕ್ಕ, ನಾನು ಮಾಡರ್ನ್ ನಿಜ, ಆದ್ರೆ ಧಾರೆಗೆ ಬ್ಲ್ಯಾಕ್ ಉಟ್ರೆ ನಮ್ಮತ್ತೆ ಮಂಟಪದಲ್ಲೇ ಮೂರ್ಛೆ ಹೋಗ್ತಾರೆ. ನೀವೇ ಏನಾದ್ರೂ ಮಾಡಿ. ಗೋದಜ್ಜಿಗೆ ಗೊತ್ತಾಗಬಾರದು, ಅಷ್ಟೇ."

ಮಾರನೆಯ ದಿನ ಶ್ರೀವಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋಗಿ, ಶಿಡ್ಲಘಟ್ಟದ ಮೇಲಿಂದ ಚಿಂತಾಮಣಿಗೆ ಹೋಗುವ ಬಸ್ಸು ಹಿಡಿದಳು. ಅಂಗಡಿಯಲ್ಲಿ ಕಪ್ಪು ಕೊಟ್ಟು ಕಡುಹಸಿರು ತೆಗೆದುಕೊಂಡಳು. ಮಾವಿನಕಾಯಿಯ ಅಂಚು ಹಸಿರಿನಲ್ಲಿ ಇರಲಿಲ್ಲ, ಗೋಪುರದ ಅಂಚೇ ಸಿಕ್ಕಿದ್ದು. ಇರಲಿ ಅಂದುಕೊಂಡಳು. ಬಸ್‌ಸ್ಟ್ಯಾಂಡಿಗೆ ಹೋಗಬೇಕಾದ ಕಾಲುಗಳು ಅಣ್ಣನ ಮನೆಯ ಬೀದಿಗೆ ತಿರುಗಿದವು.

ಮುರಳಿ ಊಟಕ್ಕೆ ಬಂದಿದ್ದ. ತಂಗಿಯ ಕೈಯಲ್ಲಿದ್ದ ಸೀರೆಯ ಚೀಲ ನೋಡಿ ಅವನ ಮುಖ ಬಿಗಿಯಿತು.

"ವಾಪಸ್ ತಂದ್ಯೇನಮ್ಮ?" ಅಂತ ಕೇಳಿದ.

ಇದು ಅದಲ್ಲ ಅಂತ ಹೇಳಿ ಕೂತಳು. ಅತ್ತಿಗೆ ಮಜ್ಜಿಗೆ ಕೊಟ್ಟಳು. ಶ್ರೀವಲ್ಲಿ ಅಂಗಡಿಯಲ್ಲಿ ನಡೆದದ್ದನ್ನೆಲ್ಲ ಹೇಳಿದಳು. ಅತ್ತೆಯ ಕಣ್ಣಿಗೆ ನೀಲಿಯೂ ಕಪ್ಪೂ ಒಂದೇ ಆಗಿದೆ, ಆವತ್ತು ಅವರು ಬೇಕಂತ ಅಂದದ್ದಲ್ಲ ಅಂತ ಬಿಡಿಸಿ ಹೇಳಿದಳು. ಮುರಳಿ ಕೇಳಿಸಿಕೊಂಡ. ಅನ್ನ ಕಲಸುತ್ತಿದ್ದ ಕೈ ನಿಂತಿತು.

"ಅವರಿಗೆ ಕಾಣಲಿಲ್ಲ, ಸರಿ," ಅಂದ. "ನಿನಗೆ ಕಾಣ್ತಿತ್ತಲ್ಲ? ಅಮ್ಮನ ಸೀರೆ ಸೆರಗು ಕತ್ತರಿಸಿ ಜೇಬಲ್ಲಿಟ್ಕೊಂಡು ಅಂಗಡಿ ಅಂಗಡಿ ತಿರುಗಿದ್ದೀನಿ ಕಣೇ. ಅದೇ ನೀಲಿ ಬೇಕು ಅಂತ. ಒಬ್ಬ ಅಂಗಡಿಯವನು ನಗಾಡಿದ. ಮನೆ ಬಾಗಿಲಲ್ಲಿ ನಿಂತು ಒಂದು ಮಾತು, ನನ್ನಣ್ಣ ತಂದಿದ್ದು ನಾನು ಉಡ್ತೀನಿ ಅಂತ ಒಂದು ಮಾತು ನಿನ್ನ ಬಾಯಲ್ಲಿ ಬರಲಿಲ್ಲ."

ಶ್ರೀವಲ್ಲಿ ಮಜ್ಜಿಗೆಯ ಲೋಟದೊಳಗೆ ನೋಡುತ್ತಿದ್ದಳು.

"ಅದನ್ನ ಉಟ್ಕೊಂಡು ಬಾ," ಅಂದ ಮುರಳಿ. "ಆವತ್ತು ನಾನು ನಿಮ್ಮ ಮನೆ ಹೊಸ್ತಿಲು ತುಳೀತೀನಿ. ಅಲ್ಲೀವರೆಗೆ ಬಿಡು."

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಹೊರಗೆ ತೋಟಗಳು ಹಸಿರಾಗಿ ಓಡುತ್ತಿದ್ದವು. ಅತ್ತೆಗೆ ಸತ್ಯ ಹೇಳಿದರೆ ಸೀರೆ ಸಿಗಬಹುದು. ಆದರೆ ಊರಿಗೆಲ್ಲ ಬಣ್ಣ ಹೇಳುತ್ತಾ ಬದುಕಿದವರಿಗೆ, ನಿಮಗೆ ಬಣ್ಣ ಕಾಣಿಸುತ್ತಿಲ್ಲ ಅಂತ ಯಾವ ಬಾಯಿಂದ ಹೇಳುವುದು? ಹೇಳಿದರೂ ನಂಬುತ್ತಾರೆಯೇ? ಮೂರು ಜನ ಹೇಳಿದ್ದನ್ನು ನಂಬದವರು. ಹೇಳದಿದ್ದರೆ ಅಣ್ಣ ಹೋದ. ಗೌರಮ್ಮ, ನೀನೇ ದಾರಿ ತೋರಿಸು ಅಂತ ಕೇಳಿಕೊಂಡಳು, ಕೇಳುವಾಗಲೂ ಸಿಟ್ಟಿನಲ್ಲೇ ಕೇಳಿದಳು. ಗಂಡನಿಗೆ ಹೇಳಿ ನೋಡಿದಳು. ಮದುವೆ ಮುಗೀಲಿ ಅಂದ. ಅವನ ಬಾಯಲ್ಲಿ ಯಾವಾಗಲೂ ಏನಾದರೊಂದು ಮುಗಿಯಬೇಕಿತ್ತು.

ಮದುವೆಯ ಹಿಂದಿನ ಸಂಜೆ ವೆಂಕಟರವಣಪ್ಪನ ಮನೆಯಲ್ಲಿ ಸೀರೆಗೆ ಅರಿಶಿನ ಹಚ್ಚುವ ಶಾಸ್ತ್ರ. ಹೊಸ ಬಟ್ಟೆಯ ನಾಲ್ಕು ಮೂಲೆಗೂ ಅರಿಶಿನದ ಬೊಟ್ಟಿಡದೆ ಆ ಕಡೆ ಯಾರೂ ಮೈಗೆ ಹಾಕುವುದಿಲ್ಲ. ಆರಿಸಿದವರೇ ಇಡಬೇಕು ಅಂತ ಗೋದಮ್ಮನನ್ನು ಮಣೆಯ ಮೇಲೆ ಕೂರಿಸಿದರು. ಅವರು ಬೆರಳನ್ನು ಅರಿಶಿನದಲ್ಲಿ ಅದ್ದಿ, ಎಡಗೈಯಿಂದ ಸೀರೆಯ ಮೂಲೆ ಹಿಡಿದರು. ಹಿಡಿದ ಹೆಬ್ಬೆರಳು ಅಂಚಿನ ಮೇಲೆ ಒಂದು ಸಲ ಹೋಯಿತು. ಮತ್ತೆ ಹಿಂದೆ ಬಂತು. ಮಾವಿನಕಾಯಿ ಇರಬೇಕಾದ ಕಡೆ ಗೋಪುರ ಇತ್ತು.

ಗೋದಮ್ಮ ತಲೆ ಎತ್ತಿದರು. ಸೌಜನ್ಯಳ ತಾಯಿ ಹೂವಿನ ಬುಟ್ಟಿಯ ಕಡೆ ತಿರುಗಿಕೊಂಡಳು. ಸೌಜನ್ಯ ಬಳೆ ಎಣಿಸುವವಳ ಹಾಗೆ ಕೈ ನೋಡಿಕೊಂಡಳು. ಗೋದಮ್ಮನ ನೋಟ ಒಬ್ಬೊಬ್ಬರ ಮೇಲೆ ಹಾದು ಸೊಸೆಯ ಮೇಲೆ ಬಂದು ನಿಂತಿತು. ಆಮೇಲೆ ಅವರು ಏನೂ ಆಗದವರಂತೆ ನಾಲ್ಕು ಮೂಲೆಗೂ ಅರಿಶಿನ ಇಟ್ಟರು, ಹುಡುಗಿಯ ತಲೆ ಮುಟ್ಟಿ ಚೆನ್ನಾಗಿರು ತಾಯಿ ಅಂದರು.

ರಸ್ತೆ ದಾಟಿ ಮನೆಗೆ ಬರುವಾಗ ಕೇಳಿದರು. "ನಾನು ಆರಿಸಿದ್ದು ಯಾವ ಬಣ್ಣ?"

ಹಸಿರೇ ಅತ್ತೆ, ಅಂಚು ಮಾತ್ರ ಬದಲಾಯಿಸಿದರು ಅಂತ ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಸುಮ್ಮನಿದ್ದು ಸುಮ್ಮನಿದ್ದು ಅವಳಿಗೆ ಸಾಕಾಗಿಹೋಗಿತ್ತು.

"ಕಪ್ಪು ಅತ್ತೆ," ಅಂದಳು.

ಗೋದಮ್ಮ ಜಗಲಿ ಹತ್ತಿ ಒಳಗೆ ಹೋದರು. ಮಾರನೆಯ ದಿನ ಮದುವೆಗೆ ಹೋದರು, ಅಕ್ಷತೆ ಹಾಕಿದರು, ಊಟ ಮಾಡಿದರು. ನಾಲ್ಕು ಜನ ಬಂದು ಸೀರೆಯ ಬಣ್ಣ ಹೊಗಳಿದಾಗ, ನಮ್ಮ ಶ್ರೀವಲ್ಲಿ ಆರಿಸಿದ್ದು ಅಂದರು. ಅದು ಮೆಚ್ಚುಗೆಯೋ ಚುಚ್ಚುಮಾತೋ ಶ್ರೀವಲ್ಲಿಗೆ ತಿಳಿಯಲಿಲ್ಲ. ಅದಾದ ಮೇಲೆ ಮನೆಯಲ್ಲಿ ಬಣ್ಣದ ಮಾತೇ ನಿಂತುಹೋಯಿತು. ಪಂಚೆ ಹಳದಿ ಅನ್ನಲಿಲ್ಲ, ಹಾಲು ಹಳದಿ ಅನ್ನಲಿಲ್ಲ. ಇನ್ನೊಂದು ಮನೆಯಿಂದ ವೀಳ್ಯ ಬಂದಾಗ ಮೊಣಕಾಲು ನೋವು ಅಂತ ಕಳಿಸಿಬಿಟ್ಟರು. ರೇಷ್ಮೆ ಗೂಡು ಬಿಡಿಸುವ ದಿನ ಮಾತ್ರ, ಹುಳು ಗೂಡು ಕಟ್ಟಿದ ಬಿದಿರಿನ ಚಂದ್ರಿಕೆಯ ಮುಂದೆ ಕೂತು ಒಂದು ಗೂಡನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದರು. ಈಗ ಸಾಕುವುದು ಬಿಳಿ ಗೂಡಿನ ತಳಿ. ಅವರು ಅದನ್ನು ಸೊಸೆಯ ಕಡೆ ಚಾಚಿ, ಇದು ಬೆಳ್ಳಗಿದೆಯಾ ಅಂತ ಮೆಲ್ಲಗೆ ಕೇಳಿದರು. ಹೌದು ಅತ್ತೆ ಅಂದಳು. ಬುಟ್ಟಿಗೆ ಹಾಕಿದರು. ಅದರ ಮುಂದಿನದನ್ನೂ ಕೇಳಿದರು.

ಅಂಥ ಅತ್ತೆಯ ಮುಂದೆ ನನ್ನ ಸೀರೆ ಕೊಡಿ ಅಂತ ಕೇಳುವುದು ಹೇಗೆ? ಶ್ರೀವಲ್ಲಿಗೆ ಬೈಸಿಕೊಳ್ಳುತ್ತಿದ್ದ ದಿನಗಳೇ ವಾಸಿ ಅನ್ನಿಸಿತು.

ಸಂಕ್ರಾಂತಿ ಕಳೆದ ಮೇಲೆ ಗೋದಮ್ಮ ತಾವೇ ಮಗನನ್ನು ಕರೆದು, ಚಿಕ್ಕಬಳ್ಳಾಪುರದಲ್ಲಿ ಕಣ್ಣು ತೋರಿಸಬೇಕು ಅಂದರು. ಅಲ್ಲಿಯ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಲೈಟು ಬಿಟ್ಟು ನೋಡಿ, ಎರಡೂ ಕಣ್ಣಲ್ಲಿ ಪೊರೆ ಬಂದಿದೆ ಅಂದರು. ಜೇನಿನ ಬಣ್ಣದ ಪೊರೆ, ಅದರೊಳಗಿಂದ ನೋಡಿದರೆ ಬಿಳುಪು ಹಳದಿಯಾಗುತ್ತೆ, ನೀಲಿ ಒಳಗೆ ಬರೋದೇ ಇಲ್ಲ ಅಂತ ವಿವರಿಸಿದರು. ಸೂಜಿಗೆ ದಾರ ಹಾಕ್ತೀನಲ್ಲಮ್ಮ ಅಂತ ಗೋದಮ್ಮ ಕೇಳಿದ್ದಕ್ಕೆ, ಈ ಥರದ ಪೊರೆಯಲ್ಲಿ ಹತ್ತಿರದ ನೋಟ ಕೆಲವು ದಿನ ಚುರುಕಾಗುತ್ತೆ, ಅದು ವಾಸಿಯಾದದ್ದಲ್ಲ ಅಜ್ಜಿ ಅಂದರು. ದೇವರು ವಾಪಸ್ ಕೊಟ್ಟದ್ದು ಅಂತ ಊರಿಗೆಲ್ಲ ಹೇಳಿದ್ದ ಕಣ್ಣು. ಗೋದಮ್ಮ ಕೈಮುಗಿದು, ಒಂದು ಕಣ್ಣು ಮೊದಲು ಮಾಡಿ ತಾಯಿ, ಇನ್ನೊಂದು ಆಮೇಲೆ ನೋಡೋಣ ಅಂದರು.

ಆಪರೇಷನ್ ಆಗಿ ಪಟ್ಟಿ ಬಿಚ್ಚಿ ಮನೆಗೆ ಬಂದ ಮೇಲಿನ ಬೆಳಿಗ್ಗೆ ಬಿಸಿಲು ಚೊಕ್ಕವಾಗಿತ್ತು. ಗೋದಮ್ಮ ಕಪ್ಪು ಕನ್ನಡಕ ತೆಗೆದು ಜಗಲಿಯಲ್ಲಿ ಕೂತಿದ್ದರು. ಎದುರಿಗೆ ತಂತಿಯ ಮೇಲೆ ಚನ್ನಕೇಶವನ ಹಳೆಯ ಪಂಚೆಗಳು. ಎಷ್ಟು ಜಾಲಿಸಿದರೂ ನೀಲಿ ಪೂರ್ತಿ ಬಿಟ್ಟಿರಲಿಲ್ಲ. ಅವರು ಅಂಗೈಯಿಂದ ಒಂದು ಕಣ್ಣು ಮುಚ್ಚಿ ನೋಡಿದರು. ಕೈ ತೆಗೆದು ಇನ್ನೊಂದು ಕಣ್ಣು ಮುಚ್ಚಿ ನೋಡಿದರು. ಒಂದು ಕಣ್ಣಿಗೆ ಹಳದಿ, ಒಂದು ಕಣ್ಣಿಗೆ ನೀಲಿ.

"ಕೇಶವ ಇಷ್ಟು ದಿನ ಇದನ್ನುಟ್ಟು ಡೈರಿಗೆ ಹೋಗ್ತಿದ್ನೇನಮ್ಮ?" ಅಂತ ಸೊಸೆಯನ್ನು ಕೇಳಿದರು.

ಹೂಂ ಅಂದಳು. ಗೋದಮ್ಮ ತಲೆ ತಗ್ಗಿಸಿದರು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆ ಅಂದುಕೊಂಡು ಶ್ರೀವಲ್ಲಿ ಹತ್ತಿರ ಹೋದರೆ ನಗುತ್ತಿದ್ದರು. ಅವಳಿಗೂ ನಗು ಬಂತು. ಇನ್ನೇನು ಟ್ರಂಕು ತೆಗೆಯುತ್ತಾರೆ ಅಂತ ಕಾದಳು.

ತೆಗೆಯಲಿಲ್ಲ. ಎದ್ದು ಮನೆಯೆಲ್ಲ ಸುತ್ತಿದರು. ಅಡುಗೆಮನೆಯ ಗೋಡೆ ಇಷ್ಟು ಮಸಿಯಾಗಿದೆ, ಯಾರೂ ನೋಡಲ್ವಾ ಅಂದರು. ದೇವರ ಮನೆಯ ಪಟಗಳಿಗೆ ಧೂಳು ಹಿಡಿದಿದೆ ಅಂದರು. ಸೊಸೆಯ ಮುಖ ಹಿಡಿದು ಬೆಳಕಿಗೆ ತಿರುಗಿಸಿ, ಎಷ್ಟು ಕಂದಿಹೋಗಿದ್ದೀಯ, ಊಟ ಮಾಡ್ತೀಯೋ ಇಲ್ಲವೋ ಅಂದರು. ಬೆಳಗಿನಿಂದ ಮಧ್ಯಾಹ್ನದವರೆಗೆ ಕಂಡದ್ದಕ್ಕೆಲ್ಲ ಬಣ್ಣದ ಹೆಸರು ಹೇಳುತ್ತಾ ಓಡಾಡಿದರು. ಟ್ರಂಕಿನ ಪಕ್ಕದಲ್ಲೇ ಎಷ್ಟು ಸಲ ಹಾದುಹೋದರೋ. ಶ್ರೀವಲ್ಲಿ ಗೋಡೆಯ ಮಸಿ ಉಜ್ಜುತ್ತಾ ಉಜ್ಜುತ್ತಾ, ಇಷ್ಟೆಲ್ಲ ಕಂಡಿತು, ಅದೊಂದು ಮರೆತುಹೋಯಿತೇ ಅಂತ ಹಲ್ಲು ಕಚ್ಚಿದಳು. ಕೇಳಿಯೇ ಬಿಡುತ್ತೇನೆ ಅಂತ ಬಟ್ಟೆ ಬಿಸಾಡಿ ಎದ್ದಳು. ಅತ್ತೆಯ ಕೋಣೆಯ ಬಾಗಿಲು ಒಳಗಿನಿಂದ ಮುಚ್ಚಿತ್ತು. ಕೈ ಎತ್ತಿದವಳು ಬಡಿಯದೆ ವಾಪಸು ಬಂದಳು.

ಸಂಜೆ ಶ್ರೀವಲ್ಲಿ ದೇವರಿಗೆ ದೀಪ ಹಚ್ಚಿ ಹೊರಗೆ ಬಂದಾಗ ಹೊಲದ ಮೇಲಿನ ಆಕಾಶ ಇನ್ನೂ ಪೂರ್ತಿ ಕಪ್ಪಾಗಿರಲಿಲ್ಲ. ಗೋದಮ್ಮ ಕೋಣೆಯಿಂದ ಬಂದು ಜಗಲಿಯಲ್ಲಿ ಅವಳ ಪಕ್ಕ ನಿಂತರು. ಹೊಸ ಕಣ್ಣಿನಿಂದ ಆಕಾಶ ನೋಡಿದರು, ಬಹಳ ಹೊತ್ತು ನೋಡಿದರು. ಬೆಳಿಗ್ಗೆ ಚಿಂತಾಮಣಿಗೆ ಮೊದಲ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದರು. ಶ್ರೀವಲ್ಲಿ ಹೇಳಿದಳು.

ಗೋದಮ್ಮ ಸೆರಗಿನ ಮರೆಯಲ್ಲಿ ಹಿಡಿದಿದ್ದ ಸೀರೆಯನ್ನು ಅವಳ ಎರಡೂ ಕೈಗಳ ಮೇಲೆ ಇಟ್ಟರು. ಮಡಿಕೆಯ ಮೇಲುಗಡೆ ಕಾಣುತ್ತಿದ್ದ ಮೂಲೆಯಲ್ಲಿ, ಕಡುನೀಲಿಯ ಮೇಲೆ, ಅರಿಶಿನದ ಬೊಟ್ಟು ಇನ್ನೂ ಹಸಿಯಾಗಿತ್ತು.